ಅಚ್ಚಕ್ಕನ ಲೆಕ್ಕದ ಪುಸ್ತಕ

ಇಂಗ್ಲಿಷ್ ಸಾಹಿತ್ಯ ತಗೊಂಡು ಡಿಗ್ರಿ ಮಾಡಿದ ಗೆಳೆಯರು ನಿಮಗಿದ್ರೆ ಒಂದ್ಸಲ ಕೇಳಿ ನೋಡಿ. ರಾಜಾ ರಾವ್ ಅವರ ‘ಕಾಂತಾಪುರ’ ಅಂದ ತಕ್ಷಣ “ಓ, ಆ ಗಾಂಧಿ ಕಾದಂಬರಿ ಅಲ್ವಾ?” ಅಂತಾರೆ. ಗೈಡುಗಳಲ್ಲಿ ಅದರ ಕತೆ ಎರಡು ಪುಟ. ಒಂದು ಹಳ್ಳಿ, ಅಲ್ಲಿಗೆ ಗಾಂಧಿಯ ಗಾಳಿ ಬೀಸುತ್ತೆ, ಜನ ಏಳ್ತಾರೆ, ಹೆಂಗಸರು ಏಳ್ತಾರೆ, ಪೊಲೀಸರು ಹೊಡೀತಾರೆ, ದೇಶಪ್ರೇಮ ಗೆಲ್ಲುತ್ತೆ. ಹತ್ತು ಮಾರ್ಕಿನ ಪ್ರಶ್ನೆಗೆ ಇಷ್ಟು ಸಾಕು, ಹದಿನೈದು ಮಾರ್ಕಿಗಾದರೆ ‘ಸ್ಥಳಪುರಾಣ’ ಅನ್ನೋ ಪದವನ್ನ ನಾಲ್ಕು ಸಲ ಸೇರಿಸಬೇಕು.

ನನ್ನ ತಕರಾರು ಇರೋದು ಈ ಓದಿನ ಬಗ್ಗೆ. ‘ಕಾಂತಾಪುರ’ ಭಜನೆಯ ಪುಸ್ತಕ ಅಲ್ಲ, ಲೆಕ್ಕದ ಪುಸ್ತಕ. ಕಾನೂನು ಮುರಿಯೋದಕ್ಕೆ ಎಷ್ಟು ಖರ್ಚಾಗುತ್ತೆ, ಆ ಖರ್ಚು ಯಾರ ಗಂಟಿನಿಂದ ಹೋಗುತ್ತೆ, ಕೊನೆಗೆ ಯಾರ ಕೈಯಲ್ಲಿ ಏನು ಉಳಿಯುತ್ತೆ ಅನ್ನೋದನ್ನ ಇಷ್ಟು ಬಿಡಿಸಿ ಬರೆದ ಕಾದಂಬರಿ ನನಗೆ ಇನ್ನೊಂದು ಸಿಕ್ಕಿಲ್ಲ. ಈಗ ಅದನ್ನ ಮತ್ತೆ ಓದೋಕೆ ಕಾರಣವೂ ಇದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಣ ಇವೆ. ರಕ್ತ ಹರಿಸದೆ ಸ್ವಾತಂತ್ರ್ಯ ತಗೊಂಡ್ವಿ ಅಂತ ಎದೆ ಉಬ್ಬಿಸೋರು ಒಂದು ಕಡೆ, ನೂಲು ತೆಗೆದು ಉಪವಾಸ ಕೂತರೆ ಯಾವ ಸಾಮ್ರಾಜ್ಯ ಬೀಳುತ್ತೆ ಅಂತ ನಗೋರು ಇನ್ನೊಂದು ಕಡೆ. ಇಬ್ಬರೂ ಬಿಲ್ಲನ್ನು ಕಣ್ಣಿಂದ ನೋಡಿದವರಲ್ಲ.

ಓದದೇ ಇದ್ದವರಿಗೆ ಕತೆ ಚುಟುಕಾಗಿ ಹೇಳ್ತೀನಿ. ಪಶ್ಚಿಮ ಘಟ್ಟದ ಮೇಲೆ ಕಾಂತಾಪುರ. ಕಾಯೋ ದೇವತೆ ಕೆಂಚಮ್ಮ, ಪಕ್ಕದಲ್ಲಿ ಹರಿಯೋ ಹೊಳೆ ಹೇಮಾವತಿ. ಬ್ರಾಹ್ಮಣರ ಬೀದಿ, ಕುಂಬಾರರ ಬೀದಿ, ನೇಕಾರರ ಬೀದಿ, ಶೂದ್ರರ ಬೀದಿ, ಊರಾಚೆ ದಲಿತರ ಕೇರಿ. ಪೇಟೆಯಲ್ಲಿ ಕಾಲೇಜು ಬಿಟ್ಟು ಗಾಂಧಿ ಅನುಯಾಯಿಯಾಗಿ ವಾಪಸ್ ಬಂದ ಮೂರ್ತಿ. ಊರಿಗೆಲ್ಲ ಸಾಲ ಕೊಡೋ, ಮಠದ ಸ್ವಾಮಿಗಳ ಕಡೆಯವನಾದ ಭಟ್ಟ. ಪಟೇಲ ರಂಗೇಗೌಡ. ಪತ್ರಿಕೆ ಓದೋ ವಿಧವೆ ರಂಗಮ್ಮ, ಅವಳ ತಂಗಿಯ ಮಗಳು ರತ್ನ. ಹತ್ತಿರದಲ್ಲೇ ಬಿಳಿಯರ ಸ್ಕೆಫಿಂಗ್ಟನ್ ಕಾಫಿ ಎಸ್ಟೇಟು, ಅಲ್ಲಿ ಘಟ್ಟದ ಕೆಳಗಿಂದ ಬಂದ ತೆಲುಗು, ತಮಿಳು ಕೂಲಿಗಳು. ಇದನ್ನೆಲ್ಲ ಹೇಳೋಳು ಅಚ್ಚಕ್ಕ, ಊರಿನ ಒಬ್ಬ ಮುದುಕಿ, ಬ್ರಾಹ್ಮಣ ವಿಧವೆ.

ಪುಸ್ತಕ ಅಚ್ಚಾಗಿದ್ದು 1938ರಲ್ಲಿ, ಲಂಡನ್ನಿನಲ್ಲಿ. ಬರೆದವರು ಹಾಸನದಲ್ಲಿ ಹುಟ್ಟಿದವರು. ಉಪ್ಪಿನ ಸತ್ಯಾಗ್ರಹ ನಡೆದ 1930ರಲ್ಲಿ ಅವರು ಫ್ರಾನ್ಸಿನಲ್ಲಿದ್ದರು, ವಯಸ್ಸು ಇಪ್ಪತ್ತೆರಡರ ಆಸುಪಾಸು. ಇವತ್ತಾಗಿದ್ರೆ ಅನಿವಾಸಿ ಅಂತ ಬ್ರ್ಯಾಂಡ್ ಹಾಕಿ, ಅಲ್ಲಿ ಕೂತು ಇಲ್ಲಿನ ಬಗ್ಗೆ ಬರೀತಾನೆ ಅಂತ ಟ್ರೋಲ್ ಮಾಡಿರ್ತಿದ್ವಿ. ಆದರೆ ಕಿವಿ ಹಾಸನದಲ್ಲೇ ಉಳಿದಿತ್ತು ಅನ್ನೋದಕ್ಕೆ ಪುಟಪುಟಕ್ಕೂ ಸಾಕ್ಷಿ ಇದೆ. ಇಂಗ್ಲಿಷಿನಲ್ಲಿ ‘ಕಾರ್ನರ್ ಹೌಸ್ ಮೂರ್ತಿ’ ಅಂತಿದ್ರೆ ನಮಗೆ ಕೇಳಿಸೋದು ಮೂಲೆಮನೆ ಮೂರ್ತಿ. ‘ವಾಟರ್‌ಫಾಲ್ ವೆಂಕಮ್ಮ’ ಅಂದ್ರೆ, ಬಾಯಿ ಬಿಟ್ಟರೆ ಜಲಪಾತದ ಹಾಗೆ ಸುರಿಯೋಳು. ಅಂಥವಳು ನಿಮ್ಮ ಅಜ್ಜಿಯೂರಲ್ಲೂ ಒಬ್ಬಳು ಇದ್ದೇ ಇರ್ತಾಳೆ. ಉಸಿರು ಬಿಡದೆ ‘ಆಮೇಲೆ, ಆಮೇಲೆ’ ಅಂತ ಓಡೋ ವಾಕ್ಯಗಳು ಜಗಲಿ ಮೇಲೆ ಕೂತು ಬತ್ತಿ ಹೊಸೀತಾ ಮಾತಾಡೋ ಹೆಂಗಸಿನವು. ಇಂಗ್ಲಿಷ್ ಮೇಷ್ಟ್ರುಗಳು ಇದನ್ನ ಶೈಲಿಯ ಪ್ರಯೋಗ ಅಂತಾರೆ, ಕನ್ನಡದವರಿಗೆ ಅದು ಬರೀ ಪರಿಚಯದ ದನಿ.

ಒಂದು ವಿಚಿತ್ರ ಮಾತ್ರ ಗಮನಿಸಬೇಕು. ಹೇಮಾವತಿ ಹರಿಯೋದು ಹಾಸನದಲ್ಲಿ, ಕೆಂಚಮ್ಮನ ಹೊಸಕೋಟೆ ಅನ್ನೋ ಹೋಬಳಿ ಇವತ್ತಿಗೂ ಆಲೂರು ತಾಲ್ಲೂಕಲ್ಲಿದೆ. ಅಂದ್ರೆ ಇದು ಅಪ್ಪಟ ಹಳೇ ಮೈಸೂರು ಸೀಮೆ, ಮಹಾರಾಜರ ಆಡಳಿತದ್ದು. ಕಾದಂಬರಿಯಲ್ಲಿ ಮಾತ್ರ ಕಾಂತಾಪುರ ನೇರ ಬ್ರಿಟಿಷರ ಕೈಯಲ್ಲಿದೆ, ಮೈಸೂರು ಗಡಿಯಾಚೆಗಿದೆ. ರಾಯರು ಯಾಕೆ ತಮ್ಮೂರ ಹೊಳೆಯನ್ನ ಎತ್ತಿ ಬ್ರಿಟಿಷ್ ಸೀಮೆಯಲ್ಲಿಟ್ಟರು? ನನಗೆ ಅನಿಸೋದು, ಕರ ಕೊಡಲ್ಲ ಅಂತ ಹೇಳೋಕೆ ಎದುರಿಗೆ ಬಿಳಿ ಸರಕಾರ ನಿಂತಿರಬೇಕಿತ್ತು. ಮಹಾರಾಜರಿಗೆ ಹಾಗನ್ನೋದು ಹಳೇ ಮೈಸೂರಿನವರ ಬಾಯಲ್ಲಿ ಅಷ್ಟು ಸಲೀಸಾಗಿ ಬರ್ತಿರಲಿಲ್ಲ. ತಮಾಷೆ ನೋಡಿ, ಪುಸ್ತಕ ಬಂದ ಅದೇ 1938ರ ಏಪ್ರಿಲಿನಲ್ಲಿ ಮಂಡ್ಯದ ಶಿವಪುರದಲ್ಲಿ ಬಾವುಟ ಹಾರಿಸಬಾರದು ಅನ್ನೋ ಆಜ್ಞೆಯನ್ನ ಜನ ಮುರಿದರು. ಎರಡು ವಾರದಲ್ಲಿ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯ್ತು. ಗುಂಡು ಹಾರಿಸಿದ್ದು ಮೈಸೂರಿನ ಪೊಲೀಸರೇ.

ಇರಲಿ. ಕಾಂತಾಪುರದ ಜನ ಮೊದಲು ಮುರಿದದ್ದು ಯಾವ ಕಾನೂನು? ಉಪ್ಪಿನದಲ್ಲ, ಘಟ್ಟದ ಮೇಲೆ ಸಮುದ್ರ ಎಲ್ಲಿಂದ ಬರಬೇಕು. ಅವರ ಮೊದಲ ಅವಿಧೇಯತೆ ತೀರಾ ಸಣ್ಣದು: ಊರಿಗೆ ವರ್ಗವಾಗಿ ಬಂದ ಪೊಲೀಸ್ ಬಡೇ ಖಾನನಿಗೆ ಯಾರೂ ಮನೆ ಕೊಡಲ್ಲ. ಪಟೇಲ ರಂಗೇಗೌಡನೇ ಇಲ್ಲ ಅಂದುಬಿಡ್ತಾನೆ. ಖಾನ್ ರೇಗಾಡಿ, ಕೊನೆಗೆ ಎಸ್ಟೇಟಿನ ಸಾಹೇಬನ ಆಸರೆ ಹಿಡೀತಾನೆ. ಸರಕಾರ ಅನ್ನೋದು ದಿಲ್ಲಿಯಲ್ಲಿರೋ ಕಟ್ಟಡ ಅಲ್ಲ, ನಮ್ಮ ಊರಲ್ಲಿ ಅದಕ್ಕೊಂದು ಬಾಡಿಗೆ ಕೋಣೆ, ಸೌದೆ, ಹಾಲು, ನಮಸ್ಕಾರ ಬೇಕು, ಅದನ್ನೆಲ್ಲ ದಿನಾ ಕೊಡ್ತಿರೋರು ನಾವೇ ಅನ್ನೋ ತತ್ವವನ್ನ ರಾಯರು ಭಾಷಣ ಮಾಡದೆ ಒಂದು ಖಾಲಿ ಕೋಣೆಯ ಜಗಳದಲ್ಲಿ ಹೇಳಿಬಿಡ್ತಾರೆ. ಇದೇ ಜಾಗದಲ್ಲಿ ಕಾದಂಬರಿಯ ಒಂದು ಬಿರುಕೂ ಕಾಣುತ್ತೆ. ಹರಿಕತೆ ಮಾಡೋ ಜಯರಾಮಾಚಾರ್ ಸ್ವರಾಜ್ಯಕ್ಕೆ ಶಿವನ ಹಾಗೆ ಮೂರು ಕಣ್ಣು, ಒಂದು ಕಣ್ಣು ಹಿಂದೂ-ಮುಸ್ಲಿಂ ಐಕ್ಯ ಅಂತಾನೆ. ಆದರೆ ಇಡೀ ಕತೆಯಲ್ಲಿ ಕಣ್ಣಿಗೆ ಬೀಳೋ ಮುಸ್ಲಿಮ ಅಂದ್ರೆ ಲಾಠಿ ಹಿಡಿದ ಈ ಖಾನ್ ಒಬ್ಬನೇ. ಐಕ್ಯದ ಮಾತು ಹರಿಕತೆಯಲ್ಲೇ ಉಳಿಯಿತು, ಅಚ್ಚಕ್ಕನ ‘ನಾವು’ ಅನ್ನೋದರೊಳಗೆ ಬರಲಿಲ್ಲ.

ನನಗೆ ಇಡೀ ಪುಸ್ತಕದಲ್ಲಿ ತುಂಬಾ ಮುಖ್ಯ ಅನಿಸೋ ಭಾಗ ಲಾಠಿ ಚಾರ್ಜಿನದ್ದಲ್ಲ, ಅದಕ್ಕೂ ಮುಂಚಿನದ್ದು. ಮೂರ್ತಿ ಜೈಲಿಗೆ ಹೋಗಿದ್ದಾನೆ, ಮೂರು ತಿಂಗಳು. ಊರಲ್ಲಿ ಪುರಾಣ ಓದಿ ಅರ್ಥ ಹೇಳ್ತಿದ್ದ ರಂಗಮ್ಮನ ಅಪ್ಪ ರಾಮಕೃಷ್ಣಯ್ಯ ತೀರಿಕೊಂಡಿದ್ದಾರೆ. ಈಗ ಓದೋರು ಯಾರು? ರತ್ನ ಓದ್ತಾಳೆ. ಈ ರತ್ನ ಬಾಲವಿಧವೆ. ವಿಧವೆಯಾಗಿಯೂ ಬಳೆ ಹಾಕ್ತಾಳೆ, ತಲೆ ಎತ್ತಿ ನಡೀತಾಳೆ ಅಂತ ಇದೇ ಬೀದಿಯ ಹೆಂಗಸರು, ಅಚ್ಚಕ್ಕನೂ ಸೇರಿ, ಹೊಳೆದಂಡೆಯಲ್ಲಿ ಆಡಿಕೊಂಡವರು. ಈಗ ಅವಳ ಮುಂದೆ ಕೂತು ಕೇಳ್ತಾರೆ. ರಂಗಮ್ಮ ಅವರನ್ನೆಲ್ಲ ಸೇರಿಸಿ ಸೇವಿಕಾ ಸಂಘ ಕಟ್ಟುತ್ತಾಳೆ. ಅಲ್ಲಿ ನಡೆಯೋದೇನು ಗೊತ್ತಾ? ರಿಹರ್ಸಲ್. ಕಣ್ಣು ಮುಚ್ಚಿ ಕೂತು, ಪೊಲೀಸರು ಹೊಡೀತಿದ್ದಾರೆ ಅಂತ ನೆನೆಸ್ಕೊಳ್ಳಿ, ಏಟು ಬಿದ್ದಾಗ ಕೈ ಎತ್ತದೆ ಇರೋದನ್ನ ಅಭ್ಯಾಸ ಮಾಡಿ ಅಂತ. ಹೆಂಗಸರಿಗೆ ಮೊದಮೊದಲು ನಗು. ಮನೇಲಿ ಗಂಡಂದಿರ ಗೊಣಗಾಟ, ಸಾರು ಹೊತ್ತಿಗೆ ಸರಿಯಾಗಿ ಆಗಿಲ್ಲ ಅಂತ. ರಂಗಮ್ಮ ಅದಕ್ಕೂ ಉಪಾಯ ಹೇಳಬೇಕಾಗುತ್ತೆ, ಮನೆಗೆಲಸಕ್ಕೆ ತೊಂದರೆ ಬರದ ಹಾಗೆ ನೋಡ್ಕೊಳ್ಳಿ ಅಂತ.

ಈ ವಿವರವನ್ನ ಸ್ವಲ್ಪ ನಿಧಾನವಾಗಿ ನೋಡಬೇಕು. ಅಹಿಂಸೆ ಅಂದ್ರೆ ಒಂದು ಸ್ವಭಾವ, ಕೆಲವರು ಮೆದು, ಕೆಲವರು ಒರಟು ಅಂತ ನಾವು ಅಂದ್ಕೋತೀವಿ. ರಾಯರ ಪ್ರಕಾರ ಅದು ಒಂದು ಕಸುಬು. ಕಲೀಬೇಕು, ದಿನಾ ಮಾಡಬೇಕು, ಬಿಟ್ಟರೆ ಮರೆತು ಹೋಗುತ್ತೆ. 1930ರ ಮಾರ್ಚ್ 12ಕ್ಕೆ ಗಾಂಧೀಜಿ ಸಬರಮತಿಯಿಂದ ಹೊರಟಾಗ ಜೊತೆಗಿದ್ದ 78 ಜನ ಯಾರೋ ದಾರಿಹೋಕರಲ್ಲ, ಆಶ್ರಮದ ಕಟ್ಟುಪಾಡಿನಲ್ಲಿ ಪಳಗಿದವರು. ಮೂವತ್ತು ವರ್ಷದ ಮೇಲೆ ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಜೇಮ್ಸ್ ಲಾಸನ್ ಎಂಬ ಪಾದ್ರಿ ಕಪ್ಪು ವಿದ್ಯಾರ್ಥಿಗಳಿಗೆ ಮಾಡಿಸಿದ್ದೂ ಇದನ್ನೇ. ಕುರ್ಚಿ ಮೇಲೆ ಕೂರಿಸಿ, ಗೆಳೆಯರಿಂದಲೇ ಬೈಸಿ, ತಳ್ಳಿಸಿ, ಕೈ ಎತ್ತದೆ ಇರೋದನ್ನ ಕಲಿಸಿದರು. ಆಮೇಲೆ ಆ ಹುಡುಗರು ಬಿಳಿಯರಿಗೆ ಮಾತ್ರ ಊಟ ಕೊಡೋ ಹೋಟೆಲಿನ ಕೌಂಟರುಗಳಲ್ಲಿ ಹೋಗಿ ಕೂತರು. ಲಾಸನ್ ಅದಕ್ಕೂ ಮುಂಚೆ ನಾಗಪುರದಲ್ಲಿದ್ದು ಗಾಂಧಿಯ ದಾರಿಯನ್ನ ಅಭ್ಯಾಸ ಮಾಡಿ ಹೋದವರು. ಅವರು ಈ ಕಾದಂಬರಿ ಓದಿದ್ದರು ಅಂತ ನಾನು ಹೇಳ್ತಿಲ್ಲ. ಕಸುಬು ಒಂದೇ ಆದಾಗ ಸಲಕರಣೆಗಳೂ ಒಂದೇ ಥರ ಇರ್ತವೆ, ಅಷ್ಟೆ.

ಮತ್ತೆ ಇನ್ನೊಂದು. ಈ ಕಸುಬನ್ನ ಕಾಂತಾಪುರದಲ್ಲಿ ಬೇಗ ಕಲಿತವರು ಹೆಂಗಸರು, ಗಂಡಸರಲ್ಲ. ರಂಗೇಗೌಡನಿಗಂತೂ ಅದು ಕೊನೆಯವರೆಗೂ ಒಗ್ಗಲ್ಲ. ಒಂದು ಮಾತು ಹೇಳು ಮೂರ್ತಪ್ಪ, ಇವರನ್ನೆಲ್ಲ ಒಂದು ಕೈ ನೋಡ್ಕೋತೀನಿ ಅನ್ನೋ ಜಾತಿಯ ಮನುಷ್ಯ ಅವನು. ಓದುವಾಗ ನಮಗೂ, ನೋಡ್ಕೊಂಡುಬಿಡು ಮಾರಾಯ ಅನಿಸುತ್ತೆ. ಹೆಂಗಸರಿಗೆ ಯಾಕೆ ಸುಲಭ ಆಯ್ತು? ಅವರಿಗೆ ತಾಳ್ಮೆ ಜಾಸ್ತಿ, ಸಹನಾಮೂರ್ತಿಗಳು ಅಂತೆಲ್ಲ ಹೇಳೋದು ಮಹಿಳಾ ದಿನಾಚರಣೆಯ ಭಾಷಣ. ಕಾದಂಬರಿ ಇನ್ನೂ ಕಹಿಯಾದದ್ದನ್ನ ಹೇಳುತ್ತೆ ಅಂತ ನನಗನಿಸುತ್ತೆ: ವಿಧೇಯತೆ ಅಂದ್ರೇನು ಅಂತ ಅವರಿಗೆ ಮೈಯಲ್ಲೇ ಗೊತ್ತಿತ್ತು. ಯಾರಿಗೆ ತಲೆ ಬಾಗಿಸ್ತಿದ್ದೀವಿ, ಯಾವಾಗ, ಎಷ್ಟು ಅನ್ನೋ ಲೆಕ್ಕ ದಿನಾ ಇಡುತ್ತಿದ್ದವರಿಗೆ ಅದನ್ನ ವಾಪಸ್ ತಗೊಳ್ಳೋದೂ ತಿಳಿಯಿತು.

ಈಗ ಹಾಲಿನ ಲೋಟದ ವಿಷಯಕ್ಕೆ ಬರೋಣ. ಎಸ್ಟೇಟಿನ ಕೂಲಿಗಳಿಗೆ ಅಕ್ಷರ ಕಲಿಸೋಕೆ ಮೂರ್ತಿ ಹೋದಾಗ ಬಡೇ ಖಾನ್ ಅವನನ್ನ ತಡೆದು ಹೊಡೀತಾನೆ, ಕೂಲಿಗಳು ಖಾನನ ಮೇಲೆ ಬೀಳ್ತಾರೆ. ರಾಚಣ್ಣನ ಸಂಸಾರವನ್ನ ಎಸ್ಟೇಟಿನಿಂದ ಹೊರಗಟ್ಟುತ್ತಾರೆ. ಗಲಾಟೆಗೆ ತಾನೇ ಕಾರಣ ಅಂತ ಮೂರ್ತಿ ಮೂರು ದಿನ ಉಪವಾಸ ಮಾಡ್ತಾನೆ. ಈ ಲೆಕ್ಕ ನೋಡಿ, ಒಬ್ಬನ ಆತ್ಮಶುದ್ಧಿಗೆ ಮೂರು ದಿನದ ಹಸಿವು, ಇನ್ನೊಬ್ಬನಿಗೆ ಕೆಲಸವೂ ಹೋಯ್ತು, ಸೂರೂ ಹೋಯ್ತು. ಆಮೇಲೆ ಮೂರ್ತಿ ರಾಚಣ್ಣನ ಮನೆಯೊಳಗೆ ಕಾಲಿಡ್ತಾನೆ. ಜೀವಮಾನದಲ್ಲಿ ಮೊದಲ ಸಲ. ಒಳಗೆ ಬಂದವನಿಗೆ ಹಾಲು ಕೊಡ್ತಾರೆ. ಅವನಿಗೆ ಮೈ ಜುಂ ಅನ್ನುತ್ತೆ, ಕೈ ನಡುಗುತ್ತೆ, ಲೋಟವನ್ನ ತುಟಿಗೆ ಮುಟ್ಟಿಸಿ ಪಕ್ಕಕ್ಕಿಡ್ತಾನೆ. ಅಲ್ಲಿಂದ ರಂಗಮ್ಮನ ಮನೆಗೆ ಬಂದರೆ, ಜನಿವಾರ ಬದಲಾಯಿಸಿಕೋ, ಗಂಗಾಜಲ ತಗೋ ಅಂತ ಮಾತು.

ಗಾಂಧಿಯನ್ನ ಹೊಗಳೋಕೇ ಕಾದಂಬರಿ ಬರೆದವರಾಗಿದ್ರೆ ಮೂರ್ತಿ ಹಾಲನ್ನ ಗಟಗಟ ಕುಡಿದುಬಿಡ್ತಿದ್ದ, ಹಿನ್ನೆಲೆಯಲ್ಲಿ ಸಂಗೀತ ಬರ್ತಿತ್ತು. ರಾಯರು ಹಾಗೆ ಮಾಡಲಿಲ್ಲ. ಸರಕಾರದ ಕಾನೂನು ಮುರಿಯೋಕೆ ಒಂದು ಘೋಷಣೆ ಸಾಕು. ನಾಲಿಗೆಯ ಮೇಲಿರೋ ಕಾನೂನು ಅಷ್ಟು ಸುಲಭಕ್ಕೆ ಬಗ್ಗಲ್ಲ. ಮೂರ್ತಿಯ ತುಟಿ ಆ ಲೋಟದ ಅಂಚಿನಲ್ಲಿ ನಿಂತದ್ದು ಇಡೀ ರಾಷ್ಟ್ರೀಯ ಚಳವಳಿ ಎಲ್ಲಿ ನಿಂತಿತೋ ಅಲ್ಲೇ. ಇಷ್ಟಾಗಿಯೂ ನನ್ನದೊಂದು ಆಕ್ಷೇಪ ಇದೆ. ಆ ಗುಡಿಸಲಲ್ಲಿ ಹಾಲು ಕೊಟ್ಟವಳ ಮನಸ್ಸಿನಲ್ಲಿ ಏನಿತ್ತು ಅನ್ನೋದು ನಮಗೆ ಗೊತ್ತೇ ಆಗಲ್ಲ. ಕುಡಿಯದೆ ಇಟ್ಟ ಲೋಟವನ್ನ ಅವಳು ಆಮೇಲೆ ಏನು ಮಾಡಿದಳು? ಅಚ್ಚಕ್ಕ ಅಲ್ಲಿರಲಿಲ್ಲ, ಅವಳು ಹೇಗೆ ಹೇಳಬೇಕು ಅಂತ ನೀವು ಕೇಳಬಹುದು. ಆದರೆ ಮೂರ್ತಿಯ ಮೈ ಜುಂ ಅಂದದ್ದು ಅವಳಿಗೆ ಗೊತ್ತಿದೆಯಲ್ಲ! ಅಂದ್ರೆ ಅಚ್ಚಕ್ಕನಿಗೆ ಒಳಹೋಗೋಕೆ ಬರೋ ಮನಸ್ಸುಗಳಿವೆ, ಬಾಗಿಲಲ್ಲೇ ನಿಂತುಬಿಡೋ ಮನಸ್ಸುಗಳಿವೆ. ಕೂಲಿಗಳು, ದಲಿತರ ಕೇರಿಯವರು ಈ ಕಾದಂಬರಿಯಲ್ಲಿ ಏಟು ತಿನ್ನೋಕೆ ಎಲ್ಲರಿಗಿಂತ ಮುಂದಿದ್ದಾರೆ, ಮಾತಾಡೋಕೆ ಎಲ್ಲರಿಗಿಂತ ಹಿಂದೆ.

ಮುಂದಿನದ್ದು ಜೋರಾಗಿ ಓಡುತ್ತೆ. ಮೂರ್ತಿ ಬಿಡುಗಡೆಯಾಗಿ ಬರ್ತಾನೆ. ಹೆಂಡದ ತೋಪಿನ ಮುಂದೆ, ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ನಡೆಯುತ್ತೆ. ಹೆಂಡ ಯಾಕೆ ಅಂದ್ರೆ ಅಬಕಾರಿ ಸರಕಾರದ ದೊಡ್ಡ ಆದಾಯ; ಉಪ್ಪಿಲ್ಲದ ಊರಲ್ಲಿ ಖಜಾನೆಗೆ ಕೈ ಹಾಕೋಕೆ ಅದೇ ಹತ್ತಿರದ ದಾರಿ. ಪೊಲೀಸರು ಹೊಡೆದು, ಲಾರಿಗೆ ತುಂಬಿ, ರಾತ್ರಿ ಹೊತ್ತಲ್ಲಿ ದೂರದ ಕಾಡುಗಳಲ್ಲಿ ಇಳಿಸಿ ಹೋಗ್ತಾರೆ. ಜೈಲಿಗೆ ಹಾಕಿದ್ರೆ ಊಟ ಹಾಕಬೇಕಲ್ಲ, ಸರಕಾರವೂ ಲೆಕ್ಕ ನೋಡುತ್ತೆ. ನಡೆದು ವಾಪಸ್ ಬರೋವಾಗ ಗಾಡಿಯವರು ಹತ್ತಿಸಿಕೊಳ್ತಾರೆ, ದಾರಿಯ ಊರಿನವರು ಊಟ ಕೊಡ್ತಾರೆ. ಹೆಂಗಸರಿಗೆ ತಮ್ಮ ಊರಾಚೆಗೂ ‘ನಾವು’ ಇದೀವಿ ಅಂತ ಗೊತ್ತಾಗಿದ್ದು ಪೊಲೀಸರ ಆ ಲಾರಿಗಳಿಂದ.

ಆಮೇಲೆ ಬರುತ್ತೆ ಕರನಿರಾಕರಣೆ. ಇಲ್ಲಿ ಆಟ ಮುಗಿಯುತ್ತೆ. ಉಪ್ಪು ಮಾಡಿದರೆ ಜೈಲು, ಜೈಲಿಂದ ಹೊರಗೆ ಬರಬಹುದು. ಕಂದಾಯ ಕಟ್ಟದೆ ಇದ್ದರೆ ಜಮೀನು ಹರಾಜಿಗೆ ಹೋಗುತ್ತೆ, ಅದು ಸುಮ್ಮನೆ ವಾಪಸ್ ಬರಲ್ಲ. ನಮ್ಮ ಪೀಳಿಗೆಗೆ ಕಾನೂನುಭಂಗ ಅಂದ ಕೂಡಲೇ ಮೊದಲು ಕೇಳೋ ಹೆಸರು ಥೋರೋ. 1846ರಲ್ಲಿ ತಲೆಗಂದಾಯ ಕಟ್ಟಲ್ಲ ಅಂತ ಕಾನ್‌ಕಾರ್ಡಿನ ಜೈಲಲ್ಲಿ ಒಂದು ರಾತ್ರಿ ಮಲಗಿದ. ಬೆಳಿಗ್ಗೆ ಬಿಟ್ಟರು, ಯಾರೋ ಅವನ ಪರವಾಗಿ ದುಡ್ಡು ಕಟ್ಟಿದ್ದರು. ಪ್ರಬಂಧ ಅಮರ, ಅದರಲ್ಲಿ ಎರಡು ಮಾತಿಲ್ಲ, ಗಾಂಧಿಯೇ ಓದಿ ಮೆಚ್ಚಿದ್ದು. ಆದರೆ ಟಿ-ಶರ್ಟಿನ ಮೇಲೆ ಥೋರೋ ಹಾಕೋ ಗೆಳೆಯರು ಒಂದು ರಾತ್ರಿಗೂ ಒಂದು ಗದ್ದೆಗೂ ಇರೋ ವ್ಯತ್ಯಾಸ ನೋಡಬೇಕು. ಒಂಟಿ ಮನುಷ್ಯನ ಆತ್ಮಸಾಕ್ಷಿಗೆ ಒಂದು ರಾತ್ರಿ ಸಾಕಾಗಬಹುದು. ಅಚ್ಚಕ್ಕನ ಮನೆಯವರಿಗೆ ಆ ವರ್ಷದ ಭತ್ತ ಬೇಕಿತ್ತು.

ರಾಯರು ಇದನ್ನ ಕಲ್ಪನೆ ಮಾಡಿ ಉಬ್ಬಿಸಿದ್ದಾರೆ ಅಂತ ಅನುಮಾನ ಇದ್ರೆ ಉತ್ತರ ಕನ್ನಡಕ್ಕೆ ಬನ್ನಿ. ಆಗ ಅದು ಮುಂಬೈ ಪ್ರಾಂತ್ಯ, ನೇರ ಬ್ರಿಟಿಷರದ್ದು, ಕಾದಂಬರಿಯ ಕಾಂತಾಪುರದ ಸ್ಥಿತಿಯೇ. 1930ರ ಏಪ್ರಿಲ್ 13ರಂದು ಅಂಕೋಲದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಅದರ ಫೋಟೋ, ಸ್ಮಾರಕ, ಅಂಕೋಲ ಅಂದ್ರೆ ಕರ್ನಾಟಕದ ಬಾರ್ಡೋಲಿ ಅನ್ನೋ ಬಿರುದು ನಮಗೆ ಗೊತ್ತು. ಅದಾದ ಮೇಲೆ ಅಂಕೋಲ, ಸಿದ್ದಾಪುರ ತಾಲ್ಲೂಕುಗಳಲ್ಲಿ ನಡೆದ ಕರನಿರಾಕರಣೆ ಅಷ್ಟು ಗೊತ್ತಿಲ್ಲ, ಯಾಕಂದ್ರೆ ಅದು ಫೋಟೋಗೆ ಒಗ್ಗಲ್ಲ. ಗದ್ದೆ, ತೋಟ, ದನ, ಪಾತ್ರೆ ಜಪ್ತಿಯಾದವು. ಅದನ್ನ ಕೊಂಡವರು ಇಂಗ್ಲೆಂಡಿನಿಂದ ಬಂದವರಲ್ಲ, ಪಕ್ಕದ ಊರಿನವರೇ. ಹಾಗೆ ಕೊಂಡವರ ಮನೆ ಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು. ಜೋಗಕ್ಕೆ ಹೋಗೋ ದಾರಿಯಲ್ಲಿ ಮಾವಿನಗುಂಡಿ ಸಿಗುತ್ತಲ್ಲ, ವೀಕೆಂಡಿನಲ್ಲಿ ನೀವು ಕಾರು ನಿಲ್ಲಿಸಿ ಚಹಾ ಕುಡಿಯೋ ಜಾಗ, ಅಲ್ಲಿ ಅವರ ನೆನಪಿಗೊಂದು ಸ್ಮಾರಕ ಇದೆ. ಮುಂಬೈಯಲ್ಲಿ 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಜಮೀನು ಮರಳಿಸೋ ಕೆಲಸ ಶುರುವಾಯ್ತು. ಅಲ್ಲಿಯವರೆಗೆ ಅವರು ಏನು ಉಂಡರು ಅಂತ ಯಾವ ಪಠ್ಯಪುಸ್ತಕ ಹೇಳುತ್ತೆ?

ಕಾದಂಬರಿಯಲ್ಲಿ ಜಮೀನು ವಾಪಸ್ ಬರೋದೇ ಇಲ್ಲ. ಪೇಟೆಯವರು ಬಂದು ಹರಾಜಿನಲ್ಲಿ ಹಿಡೀತಾರೆ, ಹೊರಗಿಂದ ತಂದ ಕೂಲಿಗಳು ಪೈರು ಕೊಯ್ತಾರೆ. ಇವರು ಬಿತ್ತಿದ್ದನ್ನ ಇವರ ಹಾಗೇ ಹೊಟ್ಟೆಗಿಲ್ಲದವರು ಪೊಲೀಸ್ ಕಾವಲಲ್ಲಿ ಕೊಯ್ಯೋದು, ಅವರನ್ನ ಹೋಗಬೇಡಿ ಅಂತ ಇವರು ಅಡ್ಡ ನಿಲ್ಲೋದು. ಇದಕ್ಕಿಂತ ಸಂಕಟದ ಚಿತ್ರ ಪುಸ್ತಕದಲ್ಲಿಲ್ಲ. ಮೂರ್ತಿ, ಗಂಡಸರು ಜೈಲಿನಲ್ಲಿ. ರತ್ನನೇ ಮುಂದಾಳು. ಒಂದು ರಾತ್ರಿ ಪೊಲೀಸರು ಹೆಂಗಸರನ್ನ ದೇವಸ್ಥಾನದೊಳಗೆ ಕೂಡಿ ಬೀಗ ಹಾಕ್ತಾರೆ. ಕೂಗಿದರೂ, ಗಂಟೆ ಬಾರಿಸಿದರೂ ಯಾರೂ ಬರಲ್ಲ. ಬೆಳಿಗ್ಗೆ ಬಾಗಿಲು ತೆಗೆದವಳು ಕೇರಿಯ ಹೆಂಗಸು. ಅವಳು ಒಳಗೆ ಕಾಲಿಡುವ ಹಾಗಿಲ್ಲದ ದೇವಸ್ಥಾನದಿಂದ ಅವಳೇ ಇವರನ್ನ ಬಿಡಿಸಿದ್ದು. ರಾಯರು ಇದಕ್ಕೆ ಯಾವ ಟಿಪ್ಪಣಿಯನ್ನೂ ಸೇರಿಸಿಲ್ಲ, ಒಳ್ಳೇದಾಯ್ತು.

ಕೊನೆಗೆ ಗದ್ದೆಬಯಲಲ್ಲಿ ಗುಂಡು ಹಾರುತ್ತೆ. ಉಳಿದವರು ಓಡೋ ಹೊತ್ತಲ್ಲಿ ಕೇರಿಯ ರಾಚಿ ಊರಿಗೇ ಬೆಂಕಿ ಇಡ್ತಾಳೆ. ವಿಮರ್ಶಕರು ಇಲ್ಲಿ ಸ್ವಲ್ಪ ಮುಜುಗರದಿಂದ ಅಹಿಂಸೆ ಸೋತಿತು ಅಂತ ಬರೀತಾರೆ. ನಾನು ಒಪ್ಪಲ್ಲ. ರಾಚಿ ಯಾರ ಮೇಲೂ ಕೈ ಮಾಡಿಲ್ಲ. ಹರಾಜು ಹಾಕೋಕೆ ಏನೂ ಉಳಿಯಬಾರದು ಅಂದಳು. ಕರ ಕೊಡಲ್ಲ ಅನ್ನೋ ಮಾತನ್ನ ಅದರ ತುದಿಯವರೆಗೂ ಒಯ್ದರೆ ಸಿಗೋದು ಇದೇ. 1930ರಲ್ಲಿ ಗುಜರಾತಿನ ಬಾರ್ಡೋಲಿ ಕಡೆಯ ರೈತರು ಮನೆಮಾರು ಬಿಟ್ಟು ಪಕ್ಕದ ಬರೋಡಾ ಸಂಸ್ಥಾನಕ್ಕೆ ಗುಳೆ ಹೋದರು, ಬ್ರಿಟಿಷ್ ಅಮಲ್ದಾರರಿಗೆ ಖಾಲಿ ಊರು ಸಿಕ್ಕಿತು. ಕಾಂತಾಪುರದವರೂ ಗಡಿ ದಾಟಿ ಮೈಸೂರು ಸೀಮೆಯ ಕಾಶೀಪುರಕ್ಕೆ ಹೋಗ್ತಾರೆ. ವ್ಯತ್ಯಾಸ ಏನಂದ್ರೆ, ಬೆಂಕಿ ಇಟ್ಟವಳಿಗೆ ಆ ಊರಲ್ಲಿ ಕಳಕೊಳ್ಳೋಕೆ ಇದ್ದದ್ದು ಒಂದು ಗುಡಿಸಲು. ಸುಟ್ಟದ್ದರಲ್ಲಿ ಹೆಚ್ಚಿನದ್ದು ಅವಳದ್ದಲ್ಲದ ಊರು. ಅವಳ ಸಿಟ್ಟು ಬರೀ ಕೆಂಪು ಮುಖದವರ ಮೇಲಿತ್ತಾ? ಅಚ್ಚಕ್ಕ ಕೇಳಲಿಲ್ಲ, ರಾಯರೂ ಕೇಳಲಿಲ್ಲ. ನನಗಂತೂ ಆ ಪುಟ ದಾಟೋಕೆ ಆಗಲ್ಲ.

ಮೂರ್ತಿಯ ಕಾಗದ ಬರೋದು ಇದಾದ ಮೇಲೆ. ರತ್ನಳಿಗೆ ಬರೀತಾನೆ. ಮಹಾತ್ಮನ ದಾರಿಯಲ್ಲಿ ಉಳ್ಳವರು ಉಳ್ಳವರಾಗಿಯೇ ಉಳಿದರು, ಸಮನಾಗಿ ಹಂಚಬೇಕು ಅನ್ನೋ ಜವಾಹರಲಾಲರ ದಾರಿಯೇ ಸರಿ ಅಂತ ಈಗ ಅನಿಸ್ತಿದೆ ಅನ್ನೋ ಅರ್ಥದಲ್ಲಿ. ವಿಚಾರವಾಗಿ ನೋಡಿದ್ರೆ ಮೂರ್ತಿ ಬೆಳೆದಿದ್ದಾನೆ, ಪ್ರಶ್ನೆಗಳು ಸರಿಯಾಗಿವೆ. ಆದರೆ ಪ್ರತಿ ಸಲ ಓದಿದಾಗಲೂ ನನಗೆ ಆ ಕಾಗದದ ಮೇಲೆ ಸಿಟ್ಟು ಬರುತ್ತೆ. ಮನಸ್ಸು ಬದಲಾಯಿಸೋ ಸೌಕರ್ಯ ಮುಂದಾಳಿಗೆ ಇದೆ. ಅವನ ಮಾತು ಕೇಳಿ ಕಂದಾಯ ನಿಲ್ಲಿಸಿದವರಿಗೆ ತಿರುಗಿ ಹೋಗೋಕೆ ಮನೆ ಇಲ್ಲ. ಅಚ್ಚಕ್ಕನಿಗೆ ಅವನು ಬರೆಯಲೂ ಇಲ್ಲ. ರಾಯರು ಅವನನ್ನ ಬೈಯಲ್ಲ, ಹಾಗಂತ ಬಿಡೋದೂ ಇಲ್ಲ. ಕಾಗದದ ವಿಷಯವನ್ನ ಅಚ್ಚಕ್ಕನ ಬಾಯಲ್ಲೇ ಹೇಳಿಸ್ತಾರೆ, ಬೇರೆ ಊರಿನ ಬೇರೆಯವರ ಜಗಲಿ ಮೇಲೆ ಕೂತಿರೋ ಅಚ್ಚಕ್ಕನ ಬಾಯಲ್ಲಿ. ಇಂಥ ಕಾಗದಗಳು ಈಗಲೂ ಬರೆಯಲ್ಪಡ್ತಿವೆ; ನಿನ್ನೆ ಬೀದಿಗಿಳಿಯಿರಿ ಅಂತ ಕರೆ ಕೊಟ್ಟವರು ಇವತ್ತು ಚಳವಳಿಯ ಮಿತಿಗಳ ಬಗ್ಗೆ ಸೆಮಿನಾರಿನಲ್ಲಿ ಪ್ರಬಂಧ ಓದ್ತಾರೆ. ಅವರ ಮೇಲೆ ಕೇಸಿಲ್ಲ. ಅವರ ಹಿಂದೆ ಬಂದ ಹುಡುಗ ತಿಂಗಳಿಗೊಂದ್ಸಲ ಕೋರ್ಟಿಗೆ ಹೋಗಿ ಡೇಟು ತಗೊಂಡು ಬರ್ತಾನೆ.

ಹಾಗಾದ್ರೆ ಇದೆಲ್ಲ ನಷ್ಟದ ಬಾಬತ್ತೇನಾ? ಅಚ್ಚಕ್ಕ ಅದನ್ನೂ ಹೇಳ್ತಾಳೆ. ಅದು ಹೋಯ್ತು, ಇದು ಹೋಯ್ತು ಅಂತ ಎಣಿಸಿ, ಆದರೂ ಎದೆಯೊಳಗೆ ಏನೋ ತುಂಬಿಕೊಂಡಿದೆ ಅಂತಾಳೆ. ಗೌರಿ ಹಬ್ಬದ ರಾತ್ರಿ ದೀಪಗಳನ್ನ ತೇಲಿಬಿಟ್ಟಾಗ ಹೊಳೆ ಹೇಗೆ ತುಂಬಿರುತ್ತೋ ಹಾಗೆ. ಬೇರೆ ಯಾರಾದ್ರೂ ಹೇಳಿದ್ರೆ ಇದನ್ನ ಸವಕಲು ಸಮಾಧಾನ ಅಂತ ತಳ್ಳಿಹಾಕ್ತಿದ್ದೆ. ಅವಳ ವಿಷಯದಲ್ಲಿ ನಂಬ್ತೀನಿ, ಯಾಕಂದ್ರೆ ಅವಳು ನಷ್ಟವನ್ನ ಕಡಿಮೆ ಮಾಡಿ ಹೇಳಲಿಲ್ಲ. ರತ್ನಳ ಬಳೆಯ ಬಗ್ಗೆ ಆಡಿಕೊಳ್ತಿದ್ದವಳು ರತ್ನ ಬರ್ಲಿ ಅಂತ ಕಾಯೋಳಾದಳು. ಮಡಿಯಲ್ಲಿ ಮುದುಡಿದ್ದವಳು ಲಾಠಿಯ ಮುಂದೆ ಕೂತಳು. ಸ್ವರಾಜ್ಯ ಇನ್ನೂ ಬಂದಿಲ್ಲ, ಗಾಂಧೀಜಿ ಸಮುದ್ರ ದಾಟಿ ಬಿಳಿಯರ ದೇಶಕ್ಕೆ ಮಾತಾಡೋಕೆ ಹೋಗಿದ್ದಾರಂತೆ ಅನ್ನೋದಷ್ಟೇ ಅವಳಿಗೆ ಗೊತ್ತು. ದುಂಡುಮೇಜಿನ ಆ ಸಭೆಯಿಂದ ಅವರು ಬರಿಗೈಯಲ್ಲಿ ಬಂದರು ಅನ್ನೋದು ನಮಗೆ ಗೊತ್ತಿದೆ, ಅವಳಿಗಿಲ್ಲ. ರಾಯರು ಬೇಕು ಅಂತಲೇ ಕತೆಯನ್ನ ಅಲ್ಲಿ ನಿಲ್ಲಿಸಿದ್ದಾರೆ. ಗೆಲುವು ಇನ್ನೂ ಕಾಣದ ಹೊತ್ತಿನಲ್ಲಿ, ಸೋತದ್ದು ಕಣ್ಣ ಮುಂದೇ ಇರುವಾಗ ಈ ಮುದುಕಿ ಏನು ಹೇಳ್ತಾಳೆ ಅಂತ ಕೇಳಿಸಿದ್ದಾರೆ.

ಕೊನೆಯ ಮಾತು ರಂಗೇಗೌಡನದ್ದು. ಪಟೇಲಿಕೆ ಕಳಕೊಂಡ ಆ ಮನುಷ್ಯ ಒಂದ್ಸಲ ತಡೆಯೋಕಾಗದೆ ಊರಿಗೆ ಹೋಗಿ, ಹೇಮಾವತಿಯ ನೀರು ಮೂರು ಬೊಗಸೆ ಕುಡಿದು ಬರ್ತಾನೆ. ಅಲ್ಲಿ ಮನುಷ್ಯರೂ ಇಲ್ಲ, ಸೊಳ್ಳೆಯೂ ಇಲ್ಲ ಅಂತ ವರದಿ. ದಿಬ್ಬದ ಮೇಲೆ ಬೊಂಬಾಯಿಯವರು ಪೇಟೆಯ ಥರದ ಮನೆಗಳನ್ನ ಕಟ್ಟಿಕೊಂಡಿದ್ದಾರೆ. ಹಳೇ ಊರಿನವರು ಅಂತ ಉಳಿದಿರೋಳು ಚಿನ್ನ ಮಾತ್ರ, ಊರಿನ ಸೂಳೆ. ಸೇವಿಕಾ ಸಂಘಕ್ಕೆ ಬಾ ಅಂತ ಅವಳನ್ನ ಯಾರೂ ಕರೆದಿರಲಿಲ್ಲ. ಹೊಸ ಮನೆಗಳಿಗೆ ಹೊಸ ಜನ ಬಂದಿದ್ದಾರೆ, ಅವಳಿಗೆ ಗಿರಾಕಿಗಳಿಗೇನೂ ಕಮ್ಮಿಯಿಲ್ಲ.